ಕಾಳು ಮುಟ್ಟದ ಹನ್ನೆರಡು ಹಕ್ಕಿಗಳು

ನನ್ನ ತಂಗಿಯ ಮಗಳು ಕಳೆದ ತಿಂಗಳು ಪ್ರಾಣಿಗಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ವಾರ ಕಳೆಯುವ ಮೊದಲೇ ಫೋನ್ ಮಾಡಿ, "ಮಾವ್ಶಿ, ಇಲ್ಲಿ ದಿನಾ ಎಂತಾದರೊಂದು ಸಾಯ್ತದೆ. ನೀವು ಅಷ್ಟು ವರ್ಷ ಹೇಗೆ ಮಾಡಿದ್ದು ಈ ಕೆಲಸ?" ಎಂದು ಕೇಳಿದಳು. ಅಭ್ಯಾಸವಾಗುತ್ತದೆ ಎಂದು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ನನಗೇ ಕಸಿವಿಸಿಯಾಯಿತು. ಹೇಳಿದ್ದು ಸುಳ್ಳು. ಅಭ್ಯಾಸ ಆಗುವುದಿಲ್ಲ. ಹದಿಮೂರು ವರ್ಷ ಒಮಾನಿನಲ್ಲಿ ಹಕ್ಕಿಗಳ ನಡುವೆ ಕೆಲಸ ಮಾಡಿದೆ; ಒಂದು ದಿನವೂ ಶೆಡ್ಡಿನ ಬಾಗಿಲನ್ನು ನೆಮ್ಮದಿಯಿಂದ ತೆರೆದವಳಲ್ಲ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ನಿಜ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಯಾರಿಗೂ ಉಪಯೋಗವಿಲ್ಲದ ಮಾತು, ಅದನ್ನು ಬಿಡುತ್ತೇನೆ.

ನಾನು ಲ್ಯಾಬ್ ಟೆಕ್ನಿಷಿಯನ್. ಮಂಗಳೂರಿನಲ್ಲಿ ಕೋಳಿಗಳ ರಕ್ತ, ಹಿಕ್ಕೆ ಪರೀಕ್ಷಿಸುವ ಲ್ಯಾಬೊಂದರಲ್ಲಿ ನಾಲ್ಕು ವರ್ಷ ದುಡಿದಿದ್ದೆ. ಮದುವೆಯಾಗಿ ಎಂಬತ್ತರ ದಶಕದ ನಡುವೆ ಮಸ್ಕತ್ತಿಗೆ ಹೋದೆ. ಗಂಡ ರಿಚರ್ಡ್ ರೂವಿಯ ಹಡಗು ಕಂಪನಿಯೊಂದರ ಆಫೀಸಿನಲ್ಲಿದ್ದರು. ನಮ್ಮ ಫ್ಲ್ಯಾಟ್ ದಾರ್ಸೈಟ್‌ನಲ್ಲಿ. ನನಗೆ ಸಿಕ್ಕಿದ್ದು ತೋಟಗಳಿಗೆ, ದೊಡ್ಡ ಮನೆಗಳಿಗೆ ಹಕ್ಕಿಗಳನ್ನು ತರಿಸಿಕೊಡುವ ಒಂದು ಕಂಪನಿಯ ಕೆಲಸ. ಅದರ ಶೆಡ್ ಇದ್ದದ್ದು ಅಲ್ ಮವಾಲೇಹ್‌ನಲ್ಲಿ. ಹೊರದೇಶದಿಂದ ಬಂದ ಹಕ್ಕಿಗಳನ್ನು ಮೂವತ್ತು ದಿನ ಅಲ್ಲಿಟ್ಟು, ರೋಗವಿಲ್ಲ ಎಂದು ಖಚಿತವಾದ ಮೇಲೆ ಕೊಂಡವರಿಗೆ ಒಪ್ಪಿಸಬೇಕು. ಹಿಕ್ಕೆ ಪರೀಕ್ಷೆ, ಪ್ರತಿ ಪಂಜರಕ್ಕೆ ಆಹಾರದ ಕಾರ್ಡ್ ಬರೆಯುವುದು, ಸತ್ತವುಗಳ ರಿಜಿಸ್ಟರ್ ಇಡುವುದು ನನ್ನ ಪಾಲಿನ ಕೆಲಸ.

ದಿನ ಶುರುವಾಗುತ್ತಿದ್ದುದೇ ಆ ರಿಜಿಸ್ಟರ್‌ನಿಂದ. ಬೆಳಿಗ್ಗೆ ಏಳಕ್ಕೆ ಕಂಪನಿಯ ವ್ಯಾನ್ ಇಳಿದು ಶೆಡ್ಡಿನತ್ತ ನಡೆಯುವಾಗ ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಗದ್ದಲವಿದ್ದರೆ ಒಳ್ಳೆಯದು. ಸದ್ದು ಕಡಿಮೆಯಿದ್ದರೆ ಉಳಿದ ದೂರ ಓಡುತ್ತಿದ್ದೆ.

ನಮ್ಮ ಡಾಕ್ಟರ್ ಇದ್ರೀಸ್ ಸೂಡಾನಿನವರು. ಎತ್ತರದ ಆಳು, ಮಾತು ಮೆತ್ತಗೆ. ಅವರ ಕೈಕೆಳಗೆ ನಾನು ಮಾಡಿದ ಮೊದಲ ದೊಡ್ಡ ತಪ್ಪು ಮೊದಲ ಬೇಸಗೆಯಲ್ಲೇ. ಒಂದು ಕೋಣೆಯ ಹಕ್ಕಿಗಳಿಗೆ ಹುಳುಕಡ್ಡಿಯಂಥ ಚರ್ಮರೋಗದ ಶಂಕೆ ಇತ್ತು. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಫಿನೈಲಿನಂಥ ಔಷಧಿಯನ್ನು ಮೂರು ಪಟ್ಟು ಕಲಸಿ ನೆಲ ತೊಳೆಸಿದೆ. ಎಸಿಯ ತಂಪು ಹೋದೀತೆಂದು ಬಾಗಿಲು ಮುಚ್ಚಿಸಿದೆ. ಅರ್ಧ ಗಂಟೆಯಲ್ಲಿ ಹಕ್ಕಿಗಳು ಕೋಲಿನಿಂದ ಕೆಳಗೆ ಬೀಳತೊಡಗಿದವು. ಡಾಕ್ಟರ್ ಓಡಿ ಬಂದು ಬಾಗಿಲು ತೆರೆದರು. ಪಂಜರಗಳನ್ನೆಲ್ಲ ಹೊರಗಿನ ನೆರಳಿಗೆ ಸಾಗಿಸಿದೆವು. ಹೆಚ್ಚಿನವು ಚೇತರಿಸಿಕೊಂಡವು, ಕೆಲವು ಇಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರ್ ನನಗೆ, "ಲೀನಾ, ಒಳಗೆ ಹೋಗು" ಎಂದರು. ಹೋದೆ. ಹೊರಗಿನಿಂದ ಬಾಗಿಲು ಮುಚ್ಚಿದರು. ಕಣ್ಣು, ಗಂಟಲು ಉರಿದು ನಾನು ಬಾಗಿಲು ಬಡಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನೀನು ಒಂದು ನಿಮಿಷ ಇದ್ದೆ. ಅವು ಅರ್ಧ ಗಂಟೆ ಇದ್ದವು" ಎಂದರು ಅವರು.

ಮೆಮೊ ಇಲ್ಲ, ಬೈಗುಳ ಇಲ್ಲ. ಮ್ಯಾನೇಜರ್ ಕೇಳಿದಾಗ ತಪ್ಪಾದದ್ದು ಹೀಗೆ, ಇನ್ನು ಹೀಗೆ ಮಾಡುವುದಿಲ್ಲ ಎಂದು ನಾನೇ ಹೇಳಿದೆ. ಹೇಳಿದ ಮೇಲೆ ಮೈ ಹಗುರವಾಯಿತು. ಇನ್ನು ಮುಂದೆ ಯಾವ ತಪ್ಪಾದರೂ ಅದೇ ದಿನ ಬಾಯಿಬಿಟ್ಟು ಹೇಳುವುದೆಂದು ನಿಶ್ಚಯಿಸಿದೆ. ಆ ನಿಶ್ಚಯವನ್ನು ಕೆಲವು ವರ್ಷ ಕಾಪಾಡಿಕೊಂಡೆ. ಆಮೇಲೆ ಮುರಿದೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ.

ಅದಕ್ಕೆ ಮೊದಲು ಹಸನಬ್ಬನವರ ವಿಚಾರ ಹೇಳಬೇಕು. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಶೆಡ್ಡಿನಲ್ಲಿ ಹಕ್ಕಿಗಳಿಗೆ ನೀರು, ತಿಂಡಿ ಇಡುವುದು, ಪಂಜರ ತೊಳೆಯುವುದು, ವ್ಯಾನ್ ಓಡಿಸುವುದು ಎಲ್ಲ ಅವರೇ. ನಾನು ಅವರನ್ನು ಹಸನಾಕ ಎನ್ನುತ್ತಿದ್ದೆ, ಅವರು ನನ್ನನ್ನು ಊರಿನ ರೂಢಿಯಂತೆ ಬಾಯಮ್ಮ ಎನ್ನುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೆ. ಆದರೆ ಪಂಜರದ ಎದುರು ಎರಡು ನಿಮಿಷ ನಿಂತು, "ಇದಕ್ಕೆ ನಾಳೆ ಹುಷಾರಿರುದಿಲ್ಲ" ಎಂದರೆ ಮರುದಿನ ಅದು ಹಾಗೆಯೇ ಆಗುತ್ತಿತ್ತು.

ಒಂದು ಜೂನ್ ತಿಂಗಳಿನಲ್ಲಿ ಮಧ್ಯಾಹ್ನ ಶೆಡ್ಡಿನ ಎಸಿಗಳು ಒಟ್ಟಿಗೇ ನಿಂತವು. ತಗಡಿನ ಮಾಡು. ಹಕ್ಕಿಗಳು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ನಾನು ಎಸಿ ರಿಪೇರಿಯವನಿಗೆ ಫೋನ್ ಮೇಲೆ ಫೋನ್ ಮಾಡುತ್ತಾ ನಿಂತಿದ್ದೆ. ಹಸನಾಕ ಒಂದು ಮಾತೂ ಆಡದೆ ಪಂಜರಗಳನ್ನು ವ್ಯಾನಿಗೆ ತುಂಬಿಸಲು ಶುರುಮಾಡಿದರು. "ಎಲ್ಲಿಗೆ ಹಸನಾಕ?" ಎಂದರೆ, "ಎಲ್ಲಿಗೂ ಇಲ್ಲ. ಗಾಡಿಯ ಎಸಿ ಸರಿ ಉಂಟಲ್ಲ. ಕೂತುಕೊಳ್ಳಿ" ಎಂದರು. ಸೀಬಿನ ವೃತ್ತದವರೆಗೆ ಹೋಗುವುದು, ತಿರುಗಿ ಬರುವುದು. ಹಿಂದೆ ನಲವತ್ತು ಪಂಜರಗಳ ಕಲರವ. ಸಂಜೆ ಐದರವರೆಗೆ ಹಾಗೆಯೇ ಓಡಾಡಿದೆವು. ಅಂದು ಒಂದು ಹಕ್ಕಿಯೂ ಸಾಯಲಿಲ್ಲ. ಆ ಮನುಷ್ಯನ ಮಾತಿಗೆ ನಾನು ಎಷ್ಟು ಬೆಲೆ ಕೊಡಬೇಕಿತ್ತು ಎಂಬುದಕ್ಕೆ ಇದೊಂದೇ ದಿನ ಸಾಕಿತ್ತು.

ತೊಂಬತ್ತರ ದಶಕದ ಆರಂಭದ ಒಂದು ಏಪ್ರಿಲ್. ಡಾಕ್ಟರ್ ಇದ್ರೀಸ್ ಮೂರು ವಾರದ ರಜೆಯಲ್ಲಿ ಖಾರ್ಟೂಮಿಗೆ ಹೋಗಿದ್ದರು. ಶೆಡ್ಡಿಗೆ ನಾನೇ ಹಿರಿಯಳು. ಒಂದು ಗುರುವಾರ ಮಧ್ಯಾಹ್ನ ವಿಮಾನ ನಿಲ್ದಾಣದಿಂದ ಹೊಸ ಪೆಟ್ಟಿಗೆಗಳು ಬಂದವು. ಪೂರ್ವದ ದ್ವೀಪಗಳ ಕಡೆಯ ಮಾಲು. ಬರ್ಕಾ ಹತ್ತಿರ ಗಾಜಿನ ಮಾಡಿನ ಹೊಸ ತೋಟ ಮಾಡಿಸುತ್ತಿದ್ದ ದೊಡ್ಡ ಮನೆತನದವರು ತರಿಸಿದ್ದು. ಒಂದು ಪೆಟ್ಟಿಗೆಯ ಕಾಗದದಲ್ಲಿ 'ಫಿಂಚ್, ಹನ್ನೆರಡು' ಎಂದಿತ್ತು. ಫಿಂಚ್ ಎಂದರೆ ಕಾಳು ತಿಂದು ಬದುಕುವ, ಗುಬ್ಬಿಯಂಥ ಸಣ್ಣ ಹಕ್ಕಿ. ನಮ್ಮಲ್ಲಿಗೆ ನೂರಾರು ಬರುತ್ತಿದ್ದವು.

ಪೆಟ್ಟಿಗೆ ತೆರೆದೆವು. ಅಂಥ ಫಿಂಚನ್ನು ನಾನು ಅದುವರೆಗೆ ನೋಡಿರಲಿಲ್ಲ. ಗುಬ್ಬಿಗಿಂತ ಸಣ್ಣವು. ಬೆನ್ನು ಕಡು ನೀಲಿ, ಎದೆ ಕಿತ್ತಳೆ, ಹೊಟ್ಟೆ ಬಿಳಿ. ದೊಡ್ಡ ಕಪ್ಪು ಕಣ್ಣು. ಬೇರೆ ಹಕ್ಕಿಗಳಂತೆ ಗಾಬರಿಯಿಂದ ಪಂಜರಕ್ಕೆ ಬಡಿದುಕೊಳ್ಳಲಿಲ್ಲ. ಕೋಲಿನ ಮೇಲೆ ನೆಟ್ಟಗೆ ಕೂತು ನಮ್ಮನ್ನು ನೋಡಿದವು.

ಹಸನಾಕ ಬಗ್ಗಿ ನೋಡಿ, "ಬಾಯಮ್ಮ, ಇದರ ಕೊಕ್ಕು ನೋಡಿ. ಚಪ್ಪಟೆ ಉಂಟು. ಕಾಳು ಒಡೆಯುವ ಕೊಕ್ಕು ಹೀಗೆ ಇರುದಾ?" ಎಂದರು.

"ಕಾಗದದಲ್ಲಿ ಫಿಂಚ್ ಅಂತ ಉಂಟಲ್ಲ ಹಸನಾಕ. ಅಲ್ಲಿಯ ಜಾತಿ ಬೇರೆ ಇರಬಹುದು."

"ಬಾಯಿಯ ಬದಿಯಲ್ಲಿ ಮೀಸೆ ಸಹ ಉಂಟು."

ನಾನು ನಕ್ಕುಬಿಟ್ಟೆ. ನನಗೆ ಅವಸರ. ಗುರುವಾರ ಅರ್ಧ ದಿನ, ಒಂದು ಗಂಟೆಗೆ ವ್ಯಾನ್ ಹೊರಡಬೇಕು. ಮರುದಿನ ಶುಕ್ರವಾರ ಮಗಳ ಮೊದಲ ಪರಮಪ್ರಸಾದ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಮನೆಯಲ್ಲಿ ಇಪ್ಪತ್ತು ಜನರಿಗೆ ಊಟ. ಆಹಾರದ ಕಾರ್ಡಿನಲ್ಲಿ 'ನವಣೆ, ಸಾಮೆ, ನೀರು' ಎಂದು ಬರೆದು ಸಹಿ ಹಾಕಿ ಪಂಜರಕ್ಕೆ ನೇತುಹಾಕಿದೆ. ಹೊರಟೆ.

ಶುಕ್ರವಾರ ಹನ್ನೊಂದೂವರೆಗೆ ಮನೆಯ ಫೋನ್ ಬಡಿಯಿತು. ಒಳಗೆ ಹೊರಗೆ ನೆಂಟರು, ಮಕ್ಕಳ ಓಟ. ನನ್ನ ಕೈಯಲ್ಲಿ ಇಡ್ಲಿಯಂಥ ಬಿಸಿ ಸಾನ್ನಾದ ತಟ್ಟೆ. ಹಸನಾಕ ಶೆಡ್ಡಿನಿಂದ ಮಾತಾಡಿದರು.

"ಬಾಯಮ್ಮ, ಆ ನೀಲಿ ಹಕ್ಕಿ ಒಂದೂ ಕಾಳು ಮುಟ್ಟಲಿಲ್ಲ. ಪುಕ್ಕ ಉಬ್ಬಿಸಿ ಕೂತಿದ್ದಾವೆ."

"ಪ್ರಯಾಣದ ಸುಸ್ತು ಹಸನಾಕ. ನೀರಿಗೆ ಗ್ಲೂಕೋಸ್ ಹಾಕಿ ಇಡಿ. ನಾಳೆ ಬೆಳಿಗ್ಗೆ ನೋಡುವ."

"ಒಮ್ಮೆ ಟ್ಯಾಕ್ಸಿ ಹಿಡಿದು ಬಂದರೆ ಒಳ್ಳೆದಿತ್ತು."

"ಮನೆ ತುಂಬ ಜನ ಉಂಟು. ಈಗ ಹೇಗೆ ಬರುದು?"

ಅವರು "ಆಯ್ತು" ಎಂದು ಫೋನ್ ಇಟ್ಟರು. ಅಂದು ನಾನು ಊಟ ಬಡಿಸಿದೆ, ಫೋಟೋಗೆ ನಿಂತೆ, ಹಾಡಿಗೆ ಚಪ್ಪಾಳೆ ತಟ್ಟಿದೆ. ಕಿವಿ ಮಾತ್ರ ಫೋನಿನ ಮೇಲೆಯೇ ಇತ್ತು. ಅದು ಮತ್ತೆ ಬಡಿಯಲಿಲ್ಲ. ಬಡಿಯದಿದ್ದುದಕ್ಕೆ ಸಮಾಧಾನಪಟ್ಟುಕೊಂಡೆ.

ಶನಿವಾರ ಬೆಳಿಗ್ಗೆ ಐದು ಹಕ್ಕಿಗಳು ಪಂಜರದ ನೆಲದಲ್ಲಿ ಬಿದ್ದಿದ್ದವು. ಉಳಿದ ಏಳೂ ಕಣ್ಣು ಮುಚ್ಚಿ ಕೂತಿದ್ದವು. ಒಂದನ್ನು ಲ್ಯಾಬಿಗೆ ಒಯ್ದು ಹೊಟ್ಟೆ ತೆರೆದೆ. ಪೂರ್ತಿ ಖಾಲಿ. ಮಸೂರದ ಕೆಳಗಿಟ್ಟಾಗ ಒಂದೇ ಒಂದು ಚೂರು ಕಂಡಿತು, ಜೀರುಂಡೆಯ ಗಟ್ಟಿ ರೆಕ್ಕೆಯ ತುಂಡು. ಊರು ಬಿಡುವ ಮೊದಲು ತಿಂದದ್ದಿರಬೇಕು.

ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದಿನ ಬಿದಿರು ಹಿಂಡಿಲಿನಲ್ಲಿ ಇಂಥದೇ ಒಂದು ಹಕ್ಕಿಯನ್ನು ಎಷ್ಟು ಸಲ ನೋಡಿದ್ದೆ. ತಗ್ಗಿನ ಕೊಂಬೆಯಲ್ಲಿ ಕೂತು, ಚಿಮ್ಮಿ ಗಾಳಿಯಲ್ಲೇ ನೊಣ ಹಿಡಿದು, ಅದೇ ಕೊಂಬೆಗೆ ಮರಳುವ ನೊಣಹಿಡುಕ. ನೀಲಿ ಬೆನ್ನು, ಕಿತ್ತಳೆ ಎದೆ. ಇವು ಅದರದೇ ದ್ವೀಪದ ಬಳಗ. ಮೀಸೆಯಂಥ ಕೂದಲು ಹಾರುವ ಹುಳವನ್ನು ಹಿಡಿಯುವ ಹಕ್ಕಿಯ ಗುರುತು. ಗೊತ್ತಿದ್ದೂ ನಾನು ಹಕ್ಕಿಯನ್ನು ನೋಡದೆ ಕಾಗದ ನೋಡಿದ್ದೆ.

"ಹಸನಾಕ, ಹುಳ ಬೇಕು. ಜೀವ ಇರುವ ಹುಳ. ಈಗಲೇ" ಎಂದೆ.

"ಬೀದಿಯ ನೊಣ ಬೇಡ. ಎಲ್ಲ ಕಡೆ ಮದ್ದು ಹೊಡೀತಾರೆ" ಎಂದರು ಅವರು. ನಾವು ವ್ಯಾನ್ ಹತ್ತಿದೆವು.

ಮರುಭೂಮಿಯ ಅಂಚಿನಲ್ಲಿ ಹುಳ ಹುಡುಕುವ ಕಷ್ಟ ಆ ದಿನ ತಿಳಿಯಿತು. ಮೊದಲು ಹಿಟ್ಟು ಮಾರುವ ಸಗಟು ಅಂಗಡಿಗೆ ಹೋದೆವು. ಹುಳ ಬಿದ್ದ ಹಿಟ್ಟಿನ ಮೂಟೆ ಇದೆಯೇ ಎಂದು ನಾನು ಹಿಂದಿಯಲ್ಲಿ ಕೇಳಿದ್ದಕ್ಕೆ ಅಂಗಡಿಯವನ ಮುಖ ಕೆಂಪಾಯಿತು. "ಬೆಹನ್‌ಜೀ, ನಮ್ಮ ಹಿಟ್ಟಿನಲ್ಲಿ ಹುಳ ಇರುವುದಿಲ್ಲ. ಯಾರು ಹೇಳಿದ್ದು ನಿಮಗೆ?" ಮುನಿಸಿಪಾಲಿಟಿಯವಳೆಂದು ಭಾವಿಸಿದ್ದ. ಹಕ್ಕಿಗಳ ಕಥೆ ಹೇಳಿದೆ. ನಂಬಲಿಲ್ಲ. ಹಸನಾಕ ಅವನನ್ನು ಹೊರಗೆ ಕರೆದು ವ್ಯಾನಿನಲ್ಲಿಟ್ಟಿದ್ದ ಒಂದು ಸತ್ತ ಹಕ್ಕಿಯನ್ನು ತೋರಿಸಿದರು. ಅವನು ಅದನ್ನು ನೋಡಿ, ಸುತ್ತ ಕಣ್ಣು ಹಾಯಿಸಿ, ಗೋದಾಮಿನ ಹಿಂದಿನಿಂದ ಬಾಯಿ ಕಟ್ಟಿದ ಒಂದು ಮೂಟೆ ತಂದು ವ್ಯಾನಿನಲ್ಲಿ ಇಟ್ಟ. "ದನಕ್ಕೆ ಅಂತ ಇಟ್ಟದ್ದು. ಯಾರಿಗೂ ಹೇಳಬೇಡಿ" ಎಂದ. ಅಲ್ಲಿಂದ ಮವಾಲೇಹ್ ತರಕಾರಿ ಮಾರ್ಕೆಟ್ಟು. ಎಸೆಯಲು ರಾಶಿ ಹಾಕಿದ್ದ ಕೊಳೆತ ಪಪ್ಪಾಯಿ, ಬಾಳೆಹಣ್ಣನ್ನು ಅವುಗಳ ಮೇಲೆ ಮುಕುರಿದ್ದ ಸಣ್ಣ ಹಣ್ಣುನೊಣಗಳ ಸಮೇತ ಬಟ್ಟೆ ಮುಚ್ಚಿ ಬಕೆಟುಗಳಲ್ಲಿ ತುಂಬಿಸಿಕೊಂಡೆವು.

ಶೆಡ್ಡಿಗೆ ಬಂದು ಹಿಟ್ಟು ಜರಡಿ ಹಿಡಿದು ಹುಳಗಳನ್ನು ತಟ್ಟೆಯಲ್ಲಿಟ್ಟೆವು. ಹಕ್ಕಿಗಳು ನೋಡಲಿಲ್ಲ. ಹಸನಾಕ ಒಂದು ಹುಳವನ್ನು ಬೆರಳ ತುದಿಯಲ್ಲಿ ಹಿಡಿದು ಆಡಿಸಿದರು. ಒಂದು ಹಕ್ಕಿ ಕತ್ತು ತಿರುಗಿಸಿತು, ಅಷ್ಟೆ. ಆಮೇಲೆ ಅವರು ಪಂಜರದ ಸುತ್ತ ಹಳೆಯ ಸೊಳ್ಳೆಪರದೆ ಕಟ್ಟಿ, ಬಕೆಟನ್ನು ಒಳಗಿಟ್ಟು ಬಟ್ಟೆ ಸರಿಸಿದರು. ಹಣ್ಣುನೊಣಗಳು ಹೊಗೆಯಂತೆ ಮೇಲೆದ್ದವು. ತುಂಬ ಹೊತ್ತಿನ ಮೇಲೆ ಮೂಲೆಯಲ್ಲಿದ್ದ ಒಂದು ಹಕ್ಕಿ ಕೋಲಿನಿಂದ ಚಿಮ್ಮಿತು. ಗಾಳಿಯಲ್ಲಿ 'ಟಿಕ್' ಎಂದು ಕೊಕ್ಕು ಮುಚ್ಚಿದ ಸದ್ದು. ಮತ್ತೆ ಕೋಲಿಗೆ ಬಂದು ಕೂತಿತು. ಇನ್ನೊಮ್ಮೆ ಚಿಮ್ಮಿತು. ಆಮೇಲೆ ಇನ್ನೊಂದು ಹಕ್ಕಿ. ಹಸನಾಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡರು.

ಆಗಲೇ ಮ್ಯಾನೇಜರ್ ನಮ್ಮನ್ನು ಆಫೀಸಿಗೆ ಕರೆಸಿದರು. ಬರ್ಕಾದವರು ಹಕ್ಕಿ ಬಂತೇ ಎಂದು ವಿಚಾರಿಸಿದ್ದರಂತೆ. ಅವರಿಗೆ ಏನು ಹೇಳುವುದೆಂದು ಮ್ಯಾನೇಜರಿಗೆ ದಿಗಿಲು. ರಿಜಿಸ್ಟರ್ ತಿರುವಿ, "ಶುಕ್ರವಾರ ಡ್ಯೂಟಿ ಯಾರದು?" ಎಂದರು.

"ನನ್ನದು ಸಾಬ್" ಎಂದರು ಹಸನಾಕ.

"ಐದು ಹಕ್ಕಿ ಸಾಯುವ ತನಕ ಏನು ಮಾಡುತ್ತಿದ್ದೆ? ಯಾರಿಗಾದರೂ ತಿಳಿಸಿದೆಯಾ?"

ಹಸನಾಕ ನನ್ನ ಕಡೆ ನೋಡಿದರು. ನಾನು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡಿದೆ. ಅವರು ಮತ್ತೆ ಮ್ಯಾನೇಜರ್ ಕಡೆ ತಿರುಗಿ, "ಗ್ಲೂಕೋಸ್ ನೀರು ಇಟ್ಟೆ ಸಾಬ್" ಎಂದರು.

"ಖಲಾಸ್. ನಿನ್ನ ಪಾಸ್‌ಪೋರ್ಟ್ ಮಂದೂಬನಿಗೆ ಕೊಡುತ್ತೇನೆ. ಊರಿಗೆ ಹೋಗು." ಮಂದೂಬ್ ಎಂದರೆ ವೀಸಾ ಕಾಗದಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಕಂಪನಿಯ ಆಳು.

ನಾನು ಬಾಯಿ ತೆರೆಯಲಿಲ್ಲ. ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಆದರೆ ಬರೆಯಲೇಬೇಕು. ಡಾಕ್ಟರ್ ಬಂದ ಮೇಲೆ ಹೇಳಿದರಾಯಿತು, ಮೊದಲು ಉಳಿದ ಹಕ್ಕಿಗಳನ್ನು ಉಳಿಸಿಕೊಳ್ಳಬೇಕು, ನಾನೂ ಹೋದರೆ ಅವುಗಳನ್ನು ನೋಡುವವರಾರು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎಲ್ಲವೂ ನೆವ. ನಿಜವಾಗಿ ಹೆದರಿದ್ದೆ.

ಶೆಡ್ಡಿಗೆ ಮರಳಿದ ಮೇಲೆ ಹಸನಾಕ ಬಕೆಟಿನ ಬಟ್ಟೆ ಸರಿಸುತ್ತಿದ್ದರು. "ನೀವು ಫೋನ್ ಮಾಡಿದ್ದನ್ನು ಯಾಕೆ ಹೇಳಲಿಲ್ಲ ಹಸನಾಕ?" ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

"ಹೇಳಿದರೆ ನಂಬುದಾ ಅವರು? ಅವರಿಗೆ ಬರೆದದ್ದು ಮಾತ್ರ ಕಾಣುದು. ನಾನು ನಿಮ್ಮನ್ನು ಬಚಾವ್ ಮಾಡ್ಲಿಕ್ಕೆ ಸುಮ್ಮನೆ ನಿಂತದ್ದಲ್ಲ ಬಾಯಮ್ಮ. ನೀವು ಹೇಳ್ತೀರಿ ಅಂತ ನಿಂತದ್ದು."

ಭಾನುವಾರ ಮತ್ತೊಂದು ಹಕ್ಕಿ ಸತ್ತಿತು. ಆರು ಉಳಿದವು. ಆ ಎರಡು ದಿನ ಕೈಯಲ್ಲಿದ್ದದ್ದನ್ನು ಎಲ್ಲೆಲ್ಲೋ ಇಟ್ಟು ಹುಡುಕುತ್ತಿದ್ದೆ. ರಿಚರ್ಡ್‌ಗೆ ಎಲ್ಲ ಹೇಳಿದೆ. "ಡಾಕ್ಟರ್ ಬರುವ ತನಕ ಸುಮ್ಮನಿರು. ಈಗ ಹೇಳಿದರೆ ಇಬ್ಬರದೂ ಹೋಗ್ತದೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳು ಶಾಲೆಯಿಂದ ಬಂದು ದಿನವೂ ಒಂದೇ ಪ್ರಶ್ನೆ, "ಮಮ್ಮಾ, ಡಿಡ್ ದೇ ಈಟ್ ಟುಡೇ?" ತಿಂದವು ಎಂದರೆ ಕುಣಿಯುತ್ತಿದ್ದಳು. ಅವಳ ಹಬ್ಬದ ಊಟಕ್ಕಾಗಿಯೇ ಅವು ಉಪವಾಸ ಬಿದ್ದವು ಎಂದು ಅವಳಿಗೆ ಹೇಗೆ ಹೇಳುವುದು?

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಹೋದೊಡನೆ ರಿಜಿಸ್ಟರ್ ತೆರೆದು ಬರೆದೆ. ಆಹಾರದ ಕಾರ್ಡನ್ನು ತಪ್ಪಾಗಿ ಬರೆದದ್ದು ನಾನು. ಹಸನಬ್ಬ ಗುರುವಾರವೇ ಅನುಮಾನ ಹೇಳಿದ್ದರು. ಶುಕ್ರವಾರ ಹನ್ನೊಂದೂವರೆಗೆ ಫೋನ್ ಮಾಡಿ ನನ್ನನ್ನು ಕರೆದರು. ನಾನು ಹೋಗಲಿಲ್ಲ. ಇಷ್ಟನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಮ್ಯಾನೇಜರ್ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. "ಇದನ್ನು ಶನಿವಾರ ಯಾಕೆ ಕೊಡಲಿಲ್ಲ? ಮಂದೂಬ್ ಆಗಲೇ ರೂವಿಗೆ ಹೋಗಿದ್ದಾನೆ."

ಟ್ಯಾಕ್ಸಿ ಹಿಡಿದು ರೂವಿಗೆ ಓಡಿದೆ. ದಾರಿಯುದ್ದಕ್ಕೂ ಸೀಟಿನ ಅಂಚಿನಲ್ಲೇ ಕೂತಿದ್ದೆ. ಡ್ರೈವರ್ ಎರಡು ಸಲ ತಿರುಗಿ ನೋಡಿದ. ಕಚೇರಿಯ ಹೊರಗೆ ಮಂದೂಬ್ ಪಾಸ್‌ಪೋರ್ಟುಗಳ ಕಟ್ಟು ಹಿಡಿದು ಕಾರಿಗೆ ಒರಗಿ ನಿಂತಿದ್ದ. ಹಸನಬ್ಬ ಎಂದ ಕೂಡಲೇ ಒಂದನ್ನು ತೆಗೆದು ಹಾಳೆ ತಿರುಗಿಸಿ ತೋರಿಸಿದ. ಕ್ಯಾನ್ಸಲ್ ಸೀಲು ಬಿದ್ದಿತ್ತು.

"ಇದನ್ನು ವಾಪಸ್ ಮಾಡಲಿಕ್ಕೆ ಆಗುವುದಿಲ್ಲವೇ?"

"ಇಲ್ಲ ಸಿಸ್ಟರ್. ಹೊಸ ವೀಸಾ ಮಾಡಬೇಕು. ಅರ್ಬಾಬ್ ಹತ್ತಿರ ಕೇಳಿ." ಅರ್ಬಾಬ್ ಎಂದರೆ ಮಾಲೀಕರು, ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್.

ಮರುದಿನ ಮಾಲೀಕರನ್ನು ಕಂಡೆ. ವಯಸ್ಸಾದ ಒಮಾನಿ, ಶೆಡ್ಡಿಗೆ ಅಪರೂಪಕ್ಕೆ ಬರುತ್ತಿದ್ದವರು. ಮಂದೂಬನಿಂದ ನನ್ನ ಕಾಗದವನ್ನು ಅರಬ್ಬಿಯಲ್ಲಿ ಓದಿಸಿ ಕೇಳಿದರು. ಹಸನಬ್ಬನ ಜಾಗಕ್ಕೆ ಬೇರೆಯವನ ವೀಸಾಕ್ಕೆ ಆಗಲೇ ಅರ್ಜಿ ಕೊಟ್ಟಾಗಿದೆ, ಅದನ್ನು ಮುರಿಯುವುದಿಲ್ಲ ಎಂದರು. ಆದರೆ ಹಸನಬ್ಬ ಬೇರೆ ಕಡೆ ಕೆಲಸಕ್ಕೆ ಬರುವುದಾದರೆ ತಮ್ಮ ಆಕ್ಷೇಪವಿಲ್ಲ ಎಂಬ ಪತ್ರವನ್ನು ಅಲ್ಲೇ ಬರೆಸಿ ಸಹಿ ಹಾಕಿಕೊಟ್ಟರು. ಆ ಕಾಲದಲ್ಲಿ ಆ ಒಂದು ಪತ್ರವಿಲ್ಲದೆ ಒಮಾನಿಗೆ ಮರಳಿ ಬರುವುದು ಕಷ್ಟವಿತ್ತು. ನಾನು ಎದ್ದು ಬಾಗಿಲ ಹತ್ತಿರ ಬಂದಾಗ ಅವರು ಕೇಳಿದರು, "ಮೊದಲ ದಿನ ಯಾಕೆ ಹೇಳಲಿಲ್ಲ?"

ಶನಿವಾರ ಹೇಳಿದ್ದರೆ ಪಾಸ್‌ಪೋರ್ಟ್ ಮ್ಯಾನೇಜರ್ ಡ್ರಾಯರಿನಲ್ಲೇ ಉಳಿಯುತ್ತಿತ್ತು.

ಹೊರಡಲು ಹಸನಾಕನಿಗೆ ಒಂದು ವಾರವಿತ್ತು. ಅವರು ರಜೆ ಹಾಕಿ ರೂಮಿನಲ್ಲಿ ಕೂರಲಿಲ್ಲ. ದಿನವೂ ಶೆಡ್ಡಿಗೆ ಬಂದು ಹಣ್ಣುನೊಣ ಬೆಳೆಸುವ ಡ್ರಮ್ಮುಗಳನ್ನು ಸಾಲಾಗಿ ಇಟ್ಟುಕೊಟ್ಟರು. ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತು. ಪತ್ರವನ್ನು ಕೊಟ್ಟಾಗ ಮಡಚಿ ಜೇಬಿಗಿಟ್ಟುಕೊಂಡರು. ಕೊನೆಯ ದಿನ ವ್ಯಾನ್ ಹತ್ತುವಾಗ, "ಪಪ್ಪಾಯಿ ಬದಲಾಯಿಸುವಾಗ ಹಳೆಯದನ್ನು ಪೂರ ಬಿಸಾಡಬೇಡಿ. ಮೊಟ್ಟೆ ಇರುದು ಅದರಲ್ಲೇ" ಎಂದರು. ಅಷ್ಟೇ ಹೇಳಿ ಹೋದರು.

ಡಾಕ್ಟರ್ ಇದ್ರೀಸ್ ಬಂದ ದಿನ ನಾನು ರಿಜಿಸ್ಟರನ್ನು ಅವರ ಮುಂದಿಟ್ಟೆ. ಅವರು ಓದಿ, ಫ್ರಿಜ್ಜಿನಲ್ಲಿಟ್ಟಿದ್ದ ಸತ್ತ ಹಕ್ಕಿಗಳನ್ನು ತರಿಸಿ, ಒಂದೊಂದಾಗಿ ನನ್ನ ಕೈಯಲ್ಲೇ ತೆರೆಸಿ, ಪ್ರತಿಯೊಂದರ ಮುಂದೂ 'ಹೊಟ್ಟೆ ಖಾಲಿ' ಎಂದು ಬರೆಸಿದರು. "ಕಾಗದ ಬರೆದವನಿಗೆ ಹಸಿವಿರಲಿಲ್ಲ ಲೀನಾ. ಹಕ್ಕಿಗೆ ಇತ್ತು" ಎಂದರು. ನನಗೆ ಎಚ್ಚರಿಕೆಯ ಪತ್ರ ಕೊಡಿಸಿದವರೂ ಅವರೇ. ಅದು ನ್ಯಾಯವೇ ಆಗಿತ್ತು.

ಆ ಮೇಲೆ ಶೆಡ್ಡಿನ ಪದ್ಧತಿ ಬದಲಾಯಿತು. ಹಕ್ಕಿ ತಿನ್ನುವುದನ್ನು ಕಣ್ಣಾರೆ ನೋಡದೆ ಆಹಾರದ ಕಾರ್ಡ್ ತುಂಬಿಸುವಂತಿಲ್ಲ. ಪೆಟ್ಟಿಗೆ ಬಂದ ದಿನ ಕಾಳು, ಹಣ್ಣು, ಹುಳ ಮೂರನ್ನೂ ಇಟ್ಟು, ಯಾವುದನ್ನು ಮುಟ್ಟಿತು ಎಂದು ಬರೆಯಬೇಕು. ನೀರು ಇಡುವವನೂ ರಿಜಿಸ್ಟರಿನಲ್ಲಿ ತಾನು ಕಂಡದ್ದನ್ನು ಬರೆಯಬಹುದು. ಬರೆಯಲು ಬಾರದಿದ್ದರೆ ಅವನ ಮಾತನ್ನು ಅವನ ಹೆಸರಿನಲ್ಲಿ ನಾನು ಬರೆಯಬೇಕು. ಹಿಂದಿನ ಕೋಣೆ ಹುಳದ ಕೋಣೆಯಾಯಿತು. ಆ ವಾಸನೆ ನನ್ನ ಬಟ್ಟೆಗೆ ಅಂಟಿಕೊಂಡೇ ಇರುತ್ತಿತ್ತು. ವ್ಯಾನಿನಲ್ಲಿ ಉಳಿದವರು ಕಿಟಕಿ ತೆರೆಯುತ್ತಿದ್ದರು.

ಆರು ನೊಣಹಿಡುಕಗಳು ಮೂವತ್ತು ದಿನ ದಾಟಿ ಬರ್ಕಾದ ತೋಟಕ್ಕೆ ಹೋದವು. ಒಪ್ಪಿಸುವಾಗ ಹಣ್ಣುನೊಣದ ಎರಡು ಡ್ರಮ್ಮನ್ನೂ ಜೊತೆಗೆ ಕೊಟ್ಟು, ತೋಟದವನಿಗೆ ಪಪ್ಪಾಯಿಯ ಪಾಠ ಹೇಳಿ ಬಂದೆ. ಗಾಜಿನ ಮಾಡಿನ ಕೆಳಗೆ ನೀರು ಚಿಮುಕಿಸಿ ಎಬ್ಬಿಸಿದ ಕಾಡು ಅವುಗಳ ಕಾಡಲ್ಲ ಎಂದು ನನಗೆ ಗೊತ್ತಿತ್ತು. ಅವು ಅಲ್ಲಿ ಎಷ್ಟು ದಿನ ಬದುಕಿದವೋ ತಿಳಿಯದು. ಕೇಳಲು ಧೈರ್ಯ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಅಂಥ ಕಾಡಿನ ಹಕ್ಕಿಗಳ ಪೆಟ್ಟಿಗೆ ಬಂದಾಗ ಬೇಡವೆಂದು ನಾನೂ ಡಾಕ್ಟರೂ ಬರೆದು ಹಟ ಹಿಡಿಯುತ್ತಿದ್ದೆವು. ಕೆಲವು ಸಲ ಕಂಪನಿಯವರು ಕೇಳಿದರು, ಹಲವು ಸಲ ಇಲ್ಲ. ಈ ಕೆಲಸದಲ್ಲಿ ಕೈ ಪೂರ್ತಿ ಶುದ್ಧವಾಗಿ ಉಳಿಯುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ಹಸನಾಕನಿಗೆ ಆ ಪತ್ರದ ಬಲದಿಂದ ಮುಂದೆ ಒಮಾನಿನದೇ ಬುರೈಮಿಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಆದರೆ ಅದಕ್ಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ನಡುವೆ, ರಜೆಯಲ್ಲಿ ಊರಿಗೆ ಬಂದಿದ್ದಾಗ, ವಿಳಾಸ ಕೇಳಿಕೊಂಡು ನಾನು ಅವರ ಮನೆಗೆ ಹೋದೆ. ಒಬ್ಬಳೇ ಹೋದೆ. ಮೂರು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹಿಂದೆ ಬಂದು ನಾಲ್ಕನೆಯ ಸಲ ಬಸ್ ಹತ್ತಿದ್ದು.

ಅವರು ಮನೆಯಲ್ಲಿದ್ದರು. ಕೋಳಿ ಫಾರ್ಮ್ ಒಂದಕ್ಕೆ ದಿನಗೂಲಿಗೆ ಹೋಗುತ್ತಿದ್ದರಂತೆ, ಅಂದು ಕೆಲಸವಿರಲಿಲ್ಲ. ಕುರ್ಚಿ ತಂದು ಜಗಲಿಯಲ್ಲಿ ಹಾಕಿದರು. ಹೆಂಡತಿ ಬೀಪಾತುಮ್ಮ ಚಾ ತಂದರು. "ಇವರು ಒಮಾನಿನಲ್ಲಿ ನನ್ನ ಮೇಲಿನವರು. ಬಾಯಮ್ಮ" ಎಂದು ಅವರು ಪರಿಚಯ ಮಾಡಿಕೊಟ್ಟರು. ಆಕೆ ಸಂತೋಷದಿಂದ ನಕ್ಕು, "ಅಷ್ಟು ದೂರದಿಂದ ನಮ್ಮನ್ನು ನೋಡ್ಲಿಕ್ಕೆ ಬಂದ್ರಲ್ಲ" ಎಂದರು. ಹಸನಾಕ ಮನೆಯಲ್ಲಿ ಏನೂ ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು.

ಚಾ ಕುಡಿದು ಎದ್ದು ಬರಬಹುದಿತ್ತು. ಅವರೂ ಅದನ್ನೇ ಬಯಸಿದ್ದರೋ ಏನೋ, ಅಂಗಳ ನೋಡುತ್ತಾ ಕೂತಿದ್ದರು. ನನ್ನಿಂದಾಗಲಿಲ್ಲ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಬೀಪಾತುಮ್ಮನವರಿಗೆ ಎಲ್ಲ ಹೇಳಿದೆ. ಕೊಕ್ಕು, ಫೋನು, ಮ್ಯಾನೇಜರ್ ಮೇಜು, ನಾನು ಸುಮ್ಮನಿದ್ದ ಎರಡು ದಿನ. ಹೇಳಿ ಮುಗಿಸುವಾಗ ಕಣ್ಣೀರು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ.

ಆಕೆ ಬಾಗಿಲ ದಾರಂದಕ್ಕೆ ಒರಗಿ ನಿಂತು ಕೇಳಿದರು. ಗಂಡನ ಕಡೆ ಒಮ್ಮೆ ನೋಡಿದರು. ಅವರು ತಲೆ ಎತ್ತಲಿಲ್ಲ.

"ಇವರು ವಾಪಸ್ ಬಂದ ವರ್ಷ ದೊಡ್ಡ ಮಗಳ ಮದುವೆ ನಿಶ್ಚಯ ಆಗಿತ್ತು. ಅದು ಮುರಿದುಹೋಯ್ತು" ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಏನು ನಡೆಯಿತೋ ಅದನ್ನು ಹೇಳಿದರು. "ಅವಳು ಈಗ ಬೀಡಿ ಕಟ್ಟುತ್ತಾಳೆ. ಒಳಗೆ ಇದ್ದಾಳೆ."

ಕ್ಷಮೆ ಕೇಳುವುದೂ ಅಲ್ಲಿ ಸಣ್ಣ ಮಾತಾಗಿ ಕಂಡಿತು. ಬೀಪಾತುಮ್ಮ ಮುಂದೆ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು.

"ಚಾ ತಣಿದು ಹೋಯ್ತು. ಕೂತಿರಿ, ಬೇರೆ ಮಾಡ್ತೇನೆ" ಎಂದು ಒಳಗೆ ಹೋದರು.

ಒಳಗೆ ಒಲೆಯ ಸದ್ದಾಯಿತು. ಆಕೆ ಮೆಲ್ಲಗೆ ಏನೋ ಹೇಳಿದ್ದು, ಎಳೆಯ ದನಿಯೊಂದು ಏನೋ ಕೇಳಿದ್ದು ಕೇಳಿಸಿತು. ಹಸನಾಕ ಎದ್ದು ತನ್ನ ಕುರ್ಚಿಯನ್ನು ನನ್ನ ಕುರ್ಚಿಯ ಪಕ್ಕಕ್ಕೆ ಎಳೆದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಚಾ ಬಂತು. ತಂದದ್ದು ಆ ದೊಡ್ಡ ಮಗಳೇ. ಅವಳ ಮುಖ ನೋಡಿ, ಎರಡು ಕೈಯಿಂದ ಲೋಟ ತೆಗೆದುಕೊಂಡು, ಬಿಸಿಯಿದ್ದಾಗಲೇ ಕುಡಿದೆ.